ಊರಿನ ಕಸಕ್ಕೆ ಊರಿನಲ್ಲೇ ಎಡೆ

(ಪೋಷಕರ ಸಭೆಯಲ್ಲಿ ಸಂಘದ ಕಾರ್ಯಸಮಿತಿಯ ಪರವಾಗಿ ಮಾಡಿದ ಭಾಷಣದ ಪೂರ್ಣಪಾಠ)



ವಿದ್ಯಾಸಂಸ್ಥೆಯ ಸಭೆಯಲ್ಲಿ ವಿದ್ಯೆಯ ಮಾತನ್ನಾಡುವುದು ವಾಡಿಕೆ. ಮಕ್ಕಳ ಪರೀಕ್ಷೆ, ಹೊಸ ಕೊಠಡಿ, ವಾಚನಾಲಯ, ಇವುಗಳ ಸಮಾಚಾರವನ್ನು ಕೇಳಲೆಂದು ತಾವೆಲ್ಲರೂ ಈ ಬಿಸಿಲಿನಲ್ಲಿ ನಡೆದು ಬಂದಿರುವಿರಿ. ಇಂತಹ ಸಭೆಯಲ್ಲಿ ನಾವು ಕಸದ ಮಾತನ್ನೆತ್ತುವುದು ಕೆಲವರಿಗೆ ಅನುಚಿತವೆಂದು ತೋರಬಹುದು. ಆದರೆ ಕಳೆದ ನಾಲ್ಕು ತಿಂಗಳುಗಳಿಂದ ನಮ್ಮ ಊರಿನ ಅಂಗಡಿ ಜಗಲಿಯಲ್ಲಿ, ಬಸ್ಸು ತಂಗುದಾಣದಲ್ಲಿ, ಮದುವೆಯ ಪಂಕ್ತಿಯಲ್ಲಿ ಕೂಡ ಇದೊಂದೇ ಮಾತು ನಡೆಯುತ್ತಿದೆ. ಮನೆಮನೆಗಳಿಂದ ಒಟ್ಟಾಗುವ ಪ್ಲಾಸ್ಟಿಕ್, ಗಾಜು, ಚಿಂದಿ ಮುಂತಾದವುಗಳನ್ನು ಕೂಡಿಸಿ ಬೇರ್ಪಡಿಸಿ ಮರುಬಳಕೆಗೆ ಕಳುಹಿಸುವ ಕೇಂದ್ರವೊಂದನ್ನು ಪಂಚಾಯತು ಎಲ್ಲಿ ಕಟ್ಟಬೇಕು? ಈ ಪ್ರಶ್ನೆಯು ನಮ್ಮ ಸಂಘದ ಬಾಗಿಲಿಗೂ ಬಂದು ನಿಂತಿದೆ. ಪಂಚಾಯತಿನ ಮುಂದಿರುವ ಮೂರು ಜಾಗಗಳಲ್ಲಿ ಒಂದು, ಇದೇ ಶಾಲೆಯ ಆಟದ ಬಯಲಿನ ಆಚೆ ಬದಿಯಲ್ಲಿರುವ ಸಂಘದ ಜಾಗ. ಆದುದರಿಂದ ತಮ್ಮೊಡನೆ ಮನಬಿಚ್ಚಿ ಮಾತನಾಡದೆ ನಮಗೆ ಗತ್ಯಂತರವಿಲ್ಲ.

ಮೊದಲಿಗೆ, ಈ ಕಸವು ಎಲ್ಲಿಂದ ಬಂತೆಂಬುದನ್ನು ಸ್ವಲ್ಪ ನೆನೆಯೋಣ. ನಮ್ಮ ಹಿರಿಯರ ಕಾಲದ ಮನೆಗಳಲ್ಲಿ ಕಸವೆಂಬ ಪದಾರ್ಥವೇ ಇರಲಿಲ್ಲವೆಂದರೂ ಸಲ್ಲುತ್ತದೆ. ಊಟದ ಬಾಳೆಲೆಯು ದನದ ಬಾಯಿಗೋ ತೆಂಗಿನ ಬುಡಕ್ಕೋ ಹೋಗುತ್ತಿತ್ತು. ಒಲೆಯ ಬೂದಿಯು ಪಾತ್ರೆ ಬೆಳಗುವುದಕ್ಕೂ ತರಕಾರಿ ಗಿಡಗಳಿಗೂ ಒದಗುತ್ತಿತ್ತು. ಸೊಪ್ಪು, ಸೆಗಣಿಗಳು ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯಲ್ಲಿ ಕೊಳೆತು ಗದ್ದೆಗೆ ಮರಳುತ್ತಿದ್ದುವು. ಅಂಗಡಿಯಿಂದ ಬಂದ ಸಾಮಾನಿನ ಕಟ್ಟು ಕಾಗದದ್ದು, ಕಟ್ಟಿದ ಹಗ್ಗ ಬಾಳೆಯ ನಾರಿನದು. ಆ ನಾರನ್ನೂ ಸುತ್ತಿ ಮಾಡಿಗೆ ಸಿಕ್ಕಿಸಿಡುವ ಅಜ್ಜಿಯಂದಿರನ್ನು ನಮ್ಮಲ್ಲಿ ಹಲವರು ಕಂಡಿರುವೆವು.

ಈಗಿನ ಮನೆಗಳ ಸಂಗತಿ ಬೇರೆ. ಹಾಲು, ಎಣ್ಣೆ, ಉಪ್ಪು, ಬಿಸ್ಕತ್ತು, ಸಾಬೂನು ಇವೆಲ್ಲವೂ ಪ್ಲಾಸ್ಟಿಕ್ ಹೊದಿಕೆಯಲ್ಲಿಯೇ ಒಳಬರುತ್ತವೆ. ಈ ಹೊದಿಕೆಯನ್ನು ದನ ತಿನ್ನಬಾರದು, ತಿಂದರೆ ಸಾಯುತ್ತದೆ. ಮಣ್ಣಿನಲ್ಲಿ ಹೂಳಿದರೆ ಕರಗುವುದಿಲ್ಲ. ಮುಂಗಾರಿನ ನೀರು ಕೆಳಗಿಳಿಯದಂತೆ ತಡೆದು, ಬೇರು ಹರಡದಂತೆ ಮಾಡುತ್ತದೆ. ಬಚ್ಚಲೊಲೆಗೆ ತುರುಕಿದರೆ ಅದರ ಹೊಗೆಯು ನೀರು ಕಾಯಿಸುವ ತಾಯಿಯ ಶ್ವಾಸಕೋಶವನ್ನೇ ಮೊದಲು ಸೇರುತ್ತದೆ. ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರವಾದ ವಿಷವೂ ಇರಬಹುದೆಂದು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಹಾಗಾದರೆ ಉಳಿದ ದಾರಿ ಯಾವುದು? ಒಂದೆಡೆ ಕೂಡಿಸಿ, ಬಗೆಬಗೆಯಾಗಿ ಬೇರ್ಪಡಿಸಿ, ಮತ್ತೆ ವಸ್ತುವಾಗಬಲ್ಲುದನ್ನು ಕಾರ್ಖಾನೆಗೆ ಕಳುಹಿಸುವುದು. ಆ ಕೂಡಿಸುವ ಎಡೆ ಎಲ್ಲಿರಬೇಕೆಂಬುದೇ ಇಂದಿನ ವಿಚಾರ.

ಕೇರಳ ಸರಕಾರವು 2016ರ ಡಿಸೆಂಬರಿನಲ್ಲಿ ಹರಿತ ಕೇರಳಂ ಎಂಬ ಯೋಜನೆಯನ್ನು ಆರಂಭಿಸಿತು. ಅದರ ಬಳಿಕ ಪಂಚಾಯತುಗಳಲ್ಲಿ ಹರಿತ ಕರ್ಮ ಸೇನೆಯು ರೂಪುಗೊಂಡಿತು. ಅದರಲ್ಲಿ ದುಡಿಯುವವರು ಬಹುಪಾಲು ಕುಟುಂಬಶ್ರೀಯ ಸ್ತ್ರೀಯರು. ಹಸಿರು ಅಂಗಿ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ತಿಂಗಳಿಗೊಮ್ಮೆ ನಮ್ಮ ಅಂಗಳಕ್ಕೆ ಬರುವ ಈ ಸೋದರಿಯರನ್ನು ತಾವೆಲ್ಲರೂ ಬಲ್ಲಿರಿ. ಅವರಲ್ಲಿ ಕೆಲವರು ಇದೇ ಶಾಲೆಯ ಮಕ್ಕಳ ತಾಯಂದಿರು. ಇಂದು ಈ ಸಭೆಯಲ್ಲಿಯೂ ಕುಳಿತಿದ್ದಾರೆ. ಅವರು ಹೊತ್ತು ತಂದುದನ್ನು ಇಳಿಸಿ ಬೇರ್ಪಡಿಸುವ ಮನೆಗೆ ವಸ್ತು ಸಂಗ್ರಹಣ ಕೇಂದ್ರವೆಂದು ಹೆಸರು. ಜನರ ಬಾಯಲ್ಲಿ ಅದು ಎಂ.ಸಿ.ಎಫ್. ನಮ್ಮ ವಾರ್ಡುಗಳಲ್ಲಿ ರಸ್ತೆ ಬದಿಗೆ ಇರುವ ಕಬ್ಬಿಣದ ಬಲೆಯ ಗೂಡುಗಳು ಅದರ ಮರಿಗಳು ಮಾತ್ರ. ಆ ಗೂಡುಗಳು ತುಂಬಿ ತುಳುಕಿ, ನಾಯಿಗಳು ಚೀಲಗಳನ್ನು ಎಳೆದಾಡಿ, ಮಳೆನೀರು ಬಾಟಲಿಗಳಲ್ಲಿ ನಿಂತು ಸೊಳ್ಳೆಗಳ ತೊಟ್ಟಿಲಾದುದನ್ನು ಕಳೆದ ಮಳೆಗಾಲದಲ್ಲಿ ನಾವು ಕಂಡೆವು. ಡೆಂಗೆ ಜ್ವರದ ಸೊಳ್ಳೆಯು ಇಂತಹ ಅಂಗೈಯಗಲದ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಆದುದರಿಂದ ದೊಡ್ಡದೊಂದು ಕೇಂದ್ರವು ಅಗತ್ಯವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅದು ತಮ್ಮ ಮನೆಯ ಹತ್ತಿರ ಬೇಡವೆಂಬುದರಲ್ಲಿಯೂ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ!

ಪಂಚಾಯತಿನ ಮುಂದೆ ಬಂದ ಮೂರು ಜಾಗಗಳು ಇವು. ಮೊದಲನೆಯದು, ಗುಡ್ಡೆಯ ಮೇಲಿನ ಪದವು. ಎರಡನೆಯದು, ತೋಡಿನ ಬದಿಯ ಹಡಿಲು ಬಿದ್ದ ಗದ್ದೆ. ಮೂರನೆಯದು, ಮೊದಲೇ ಹೇಳಿದಂತೆ, ಪೇಟೆಗೆ ಹೋಗುವ ರಸ್ತೆಗೆ ತಾಗಿಕೊಂಡಿರುವ ಸಂಘದ ಮೂವತ್ತು ಸೆಂಟ್ಸು ಜಾಗ. ಅಲ್ಲಿ ಹಿಂದಿನ ಕಾಲದ ಉಗ್ರಾಣದ ಗೋಡೆಗಳು ಈಗಲೂ ನಿಂತಿವೆ.

ಇಲ್ಲಿ ನಾವು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಶಾಲೆಯ ಬಳಿ ಕಸದ ಘಟಕ ಬರುತ್ತದೆಂಬ ಸುದ್ದಿ ಹಬ್ಬಿದೊಡನೆ ಮನವಿಪತ್ರವೊಂದು ಸಿದ್ಧವಾಯಿತು. ಕೇಂದ್ರವು ಪದವಿನ ಮೇಲೆಯೇ ಆಗಬೇಕು, ಅಲ್ಲಿ ಯಾರೂ ಇಲ್ಲ, ಎಂದು ಅದರಲ್ಲಿ ಬರೆದಿತ್ತು. ನಮ್ಮ ಕಾರ್ಯಸಮಿತಿಯ ಸದಸ್ಯರೆಲ್ಲರೂ ಅದಕ್ಕೆ ಸಹಿ ಹಾಕಿದೆವು. ಪಂಚಾಯತಿನ ಪ್ರಕಟಣೆಯು ಮಲಯಾಳದಲ್ಲಿ ಮಾತ್ರ ಇದ್ದುದರಿಂದ ನಮ್ಮಲ್ಲನೇಕರು ಅದನ್ನು ಓದಿರಲಿಲ್ಲ. ಓದಿದವರು ಹೇಳಿದುದನ್ನು ಕೇಳಿದ್ದೆವು. ಕೇಳಿದುದು ಬಾಯಿಂದ ಬಾಯಿಗೆ ಬೆಳೆಯುತ್ತ, ಪೇಟೆಯ ಕೊಳೆತ ಕಸವನ್ನೆಲ್ಲ ತಂದು ಸುರಿಯುತ್ತಾರೆಂಬಲ್ಲಿಗೆ ಮುಟ್ಟಿತ್ತು. ಆದರೆ ಓದದಿದ್ದುದು ಸಹಿ ಹಾಕುವುದಕ್ಕೆ ಸಮರ್ಥನೆಯಲ್ಲ.

ಆ ಮನವಿಯ ಮೇಲೆ ನಡೆದ ಗ್ರಾಮಸಭೆಯಲ್ಲಿ ಪದವಿನ ಕೆಳಗಿನ ಕಾಲೊನಿಯ ತಾಯಿಯೊಬ್ಬರು ಎದ್ದು ನಿಂತರು. ಅವರ ಇಬ್ಬರು ಮಕ್ಕಳು ನಮ್ಮ ಶಾಲೆಯಲ್ಲಿಯೇ ಓದುತ್ತಿದ್ದಾರೆ. ಅವರು ಹೆಚ್ಚೇನೂ ಮಾತನಾಡಲಿಲ್ಲ. "ನಮ್ಮ ಮಕ್ಕಳು ಸಹ ಇದೇ ಶಾಲೆಗೆ ಬರುವುದಲ್ಲವಾ ಮಾಷ್ಟ್ರೇ? ಶಾಲೆಯ ಹತ್ತಿರ ಆಗದ್ದು ನಮ್ಮ ಬಾವಿಯ ಹತ್ತಿರ ಆಗ್ತದಾ?" ಎಂದು ಕೇಳಿ ಕುಳಿತರು. ಸಭೆಯು ಸ್ತಬ್ಧವಾಯಿತು. ಯಾರೂ ಇಲ್ಲವೆಂದು ನಾವು ಬರೆದ ಎಡೆಯಲ್ಲಿ ನಮ್ಮ ವಿದ್ಯಾರ್ಥಿಗಳ ಮನೆಗಳಿದ್ದುವು. ಹಾಜರಿ ಪುಸ್ತಕದಲ್ಲಿ ದಿನವೂ ಅವರ ಹೆಸರನ್ನು ಕೂಗುವ ಸಂಸ್ಥೆಯು ಮನವಿಪತ್ರದಲ್ಲಿ ಅವರನ್ನು ಮರೆತಿತ್ತು. ಅಂದಿನಿಂದ ಈ ವಿಷಯವನ್ನು ಮೊದಲಿನಿಂದ ಆಲೋಚಿಸತೊಡಗಿದೆವು. ಆ ಆಲೋಚನೆಯ ಫಲವನ್ನು ಈಗ ತಮ್ಮ ಮುಂದಿಡುತ್ತೇವೆ.

ಪದವಿನ ವಿಷಯವನ್ನು ಮೊದಲು ನೋಡೋಣ. ಮೇಲ್ನೋಟಕ್ಕೆ ಅದು ಬರಿಯ ಕಲ್ಲುಬಯಲು. ಬೇಸಗೆಯಲ್ಲಿ ಮುಳಿಹುಲ್ಲಿನ ಹೊರತು ಬೇರೇನೂ ಕಾಣದು. ಆದರೆ ಆ ಕಲ್ಲು ಎಂತಹುದೆಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು. ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮಲಬಾರಿನ ಅಂಗಾಡಿಪುರಂ ಎಂಬಲ್ಲಿ ಈ ಮುರಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟನು. ಆ ಹೆಸರಿನ ಮೂಲವಾದ ಲ್ಯಾಟಿನ್ ಮಾತಿಗೆ ಇಟ್ಟಿಗೆಯೆಂಬ ಅರ್ಥವಿದೆ. ಈ ಕಲ್ಲಿನ ಮೈತುಂಬ ತೂತುಗಳು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಪದವಿನ ಮೇಲೆ ಬಿದ್ದ ನೀರಿನಲ್ಲಿ ಒಂದು ಪಾಲು ಪಳ್ಳಗಳಲ್ಲಿಯೂ ಮದಕಗಳಲ್ಲಿಯೂ ನಿಂತು, ತೂತುಗಳ ಮೂಲಕ ಒಳಗಿಳಿದು, ಗುಡ್ಡೆಯ ಬುಡದಲ್ಲಿ ಒರತೆಯಾಗಿ ಹೊರಡುತ್ತದೆ.

ಈ ನೀರನ್ನು ನಂಬಿಯೇ ನಮ್ಮ ಪೂರ್ವಿಕರು ಸುರಂಗಗಳನ್ನು ಕೊರೆದರು. ಮನುಷ್ಯನೊಬ್ಬನು ನಡೆದು ಹೋಗುವಷ್ಟು ಎತ್ತರವಾಗಿ, ಗುಡ್ಡೆಯ ಹೊಟ್ಟೆಯೊಳಗೆ ಅಡ್ಡಲಾಗಿ ಪಿಕ್ಕಾಸಿನಿಂದ ಅಗೆಯುತ್ತ ಹೋಗಿ, ನೀರು ಸಿಕ್ಕಿದಲ್ಲಿ ನಿಲ್ಲಿಸಿದರು. ನೀರು ತಾನಾಗಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ. ಪಡ್ರೆ, ಬಾಯಾರು ಕಡೆಗಳಲ್ಲಿ ಇಂತಹ ಸುರಂಗಗಳ ನೀರನ್ನು ಕುಡಿದು ಬೆಳೆದ ಮನೆಗಳು ಎಷ್ಟೋ ಇವೆ. ನಮ್ಮ ಪದವಿನ ಕೆಳಗೂ ಸುರಂಗಗಳಿವೆ. ಪದವಿನ ಮೇಲೆ ಚೆಲ್ಲಿದುದು, ಒಳ್ಳೆಯದಾಗಲಿ ಕೆಟ್ಟದಾಗಲಿ, ಕೆಳಗಿನವರ ಕೊಡಕ್ಕೆ ಬರುತ್ತದೆ.

ಈ ಮಾತನ್ನು ಕಾಸರಗೋಡಿನವರಿಗೆ ಪುಸ್ತಕದಿಂದ ಓದಿ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗುಡ್ಡೆಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಿದರು. ಗುಡ್ಡೆಯ ಮೇಲೆ ಬಿದ್ದ ವಿಷವು ಗುಡ್ಡೆಯ ಮೇಲೆಯೇ ಉಳಿಯಲಿಲ್ಲ. ಸುಪ್ರೀಂ ಕೋರ್ಟು 2011ರ ಮೇ ತಿಂಗಳಿನಲ್ಲಿ ಅದನ್ನು ದೇಶದಾದ್ಯಂತ ತಡೆಯಿತು; ಆದರೆ ಅಷ್ಟರಲ್ಲಿ ಎಷ್ಟು ಮನೆಗಳ ತೊಟ್ಟಿಲುಗಳು ದುಃಖದಲ್ಲಿ ಮುಳುಗಿದ್ದುವೆಂಬುದನ್ನು ತಾವು ಬಲ್ಲಿರಿ. ಒಣಗಿದ ಪ್ಲಾಸ್ಟಿಕ್ಕನ್ನು ಆ ವಿಷಕ್ಕೆ ಹೋಲಿಸುವ ಉದ್ದೇಶ ನಮಗಿಲ್ಲ. ಆದರೆ "ಅಲ್ಲಿ ಮೇಲೆ ಯಾರಿದ್ದಾರೆ?" ಎಂಬ ಪ್ರಶ್ನೆಯಿಂದ ನೊಂದ ನಾಡು ಇದು. ಅದೇ ಪ್ರಶ್ನೆಯನ್ನು ನಾವೇ ನಮ್ಮವರ ವಿಷಯದಲ್ಲಿ ಕೇಳುವುದು ಭೂಷಣವಲ್ಲ. ಅಷ್ಟೇ ಅಲ್ಲ, ಪದವಿಗೆ ಹೋಗುವ ದಾರಿಯು ಮಳೆಗಾಲದಲ್ಲಿ ತೋಡಿನಂತಾಗುತ್ತದೆ. ಲಾರಿ ಏರದಿದ್ದರೆ ಸರಕು ಅಲ್ಲಿಯೇ ಬೀಳುತ್ತದೆ, ಬಿದ್ದುದು ರಾಶಿಯಾಗುತ್ತದೆ. ಯಾರ ಕಣ್ಣಿಗೂ ಬೀಳದ ರಾಶಿಯು ಬೆಳೆಯುತ್ತಲೇ ಹೋಗುತ್ತದೆ.

ಎರಡನೆಯ ಜಾಗವಾದ ಗದ್ದೆಯ ವಿಷಯದಲ್ಲಿ ಬಹಳ ಮಾತು ಬೇಕಿಲ್ಲ. ಭತ್ತದ ಗದ್ದೆಗಳನ್ನೂ ತೇವಭೂಮಿಯನ್ನೂ ತುಂಬಿಸಬಾರದೆಂದು ಕೇರಳದಲ್ಲಿ 2008ರಲ್ಲಿಯೇ ಕಾಯಿದೆಯಾಗಿದೆ. ಹಡಿಲು ಬಿದ್ದ ಮಾತ್ರಕ್ಕೆ ಗದ್ದೆಯು ಗದ್ದೆಯಲ್ಲದೆ ಹೋಗುವುದಿಲ್ಲ. 2018 ಮತ್ತು 2019ರ ಮಹಾಪ್ರವಾಹಗಳನ್ನು ಕಂಡ ಬಳಿಕ, ತೋಡಿನ ಬದಿಯಲ್ಲಿ ತೇಲಿಹೋಗಬಲ್ಲ ಸರಕನ್ನು ಕೂಡಿಡುವುದು ವಿವೇಕವಲ್ಲ. ತೋಡಿನಿಂದ ಹೊಳೆ, ಹೊಳೆಯಿಂದ ಕಡಲು. ನಮ್ಮ ಬಿಸ್ಕತ್ತಿನ ಹೊದಿಕೆಯು ಕುಂಬಳೆಯ ಬೆಸ್ತರ ಬಲೆಯಲ್ಲಿ ಮೀನಿನ ಬದಲು ಸಿಕ್ಕುವುದಕ್ಕೆ ಒಂದು ಮಳೆಗಾಲ ಸಾಕು.

ಹಾಗಾದರೆ ಊರಿನಿಂದ ದೂರ, ಬೇರೆ ಪಂಚಾಯತಿಗೆ ಕಳುಹಿಸಿದರಾಗದೇ ಎಂದು ಕೆಲವರು ಕೇಳಿದರು. ಈ ದಾರಿಯನ್ನು ಕೇರಳದ ದೊಡ್ಡ ಪಟ್ಟಣಗಳು ಹಿಡಿದು ನೋಡಿವೆ. ತಿರುವನಂತಪುರ ನಗರವು ತನ್ನ ಕಸವನ್ನು 2000ದಿಂದ ವಿಳಪ್ಪಿಲ್‌ಶಾಲೆ ಎಂಬ ಹಳ್ಳಿಗೆ ಸಾಗಿಸಿತು. ದುರ್ನಾತ, ನೊಣ, ಕೆಟ್ಟ ನೀರುಗಳನ್ನು ಆ ಹಳ್ಳಿಯವರು ವರ್ಷಗಟ್ಟಲೆ ಸಹಿಸಿದರು. ಕೊನೆಗೆ 2011ರ ಡಿಸೆಂಬರಿನಲ್ಲಿ ಅಲ್ಲಿಯ ಘಟಕವು ಮುಚ್ಚಿತು; ರಾಜಧಾನಿಯ ಬೀದಿಗಳಲ್ಲಿ ಕಸವು ಕೊಳೆಯಿತು. ಕೊಚ್ಚಿಯ ಬ್ರಹ್ಮಪುರಂನಲ್ಲಿ ಬೆಟ್ಟದಂತೆ ಬೆಳೆದಿದ್ದ ಪ್ಲಾಸ್ಟಿಕ್ ರಾಶಿಗೆ 2023ರ ಮಾರ್ಚಿ 2ರಂದು ಬೆಂಕಿ ಹತ್ತಿತು. ಹತ್ತಕ್ಕೂ ಹೆಚ್ಚು ದಿನ ಆ ಹೊಗೆಯು ಪಟ್ಟಣವನ್ನು ಮುಚ್ಚಿತು. ಶಾಲೆಗಳಿಗೆ ರಜೆ ಕೊಡಬೇಕಾಯಿತು. ದೂರಕ್ಕೆ ಕಳುಹಿಸಿದೆವೆಂದುಕೊಂಡುದು ಹೊಗೆಯಾಗಿ ಮನೆಯೊಳಗೆ ಮರಳಿ ಬಂತು.

ಇದಕ್ಕೆ ಪ್ರತಿಯಾಗಿ ಆಲಪ್ಪುಳದ ನಿದರ್ಶನವಿದೆ. ಆ ಪಟ್ಟಣವೂ ತನ್ನ ಕಸವನ್ನು ನೆರೆಯ ಸರ್ವೋದಯಪುರಂಗೆ ಒಯ್ದು ಸುರಿಯುತ್ತಿತ್ತು. ಅಲ್ಲಿಯ ಜನರು ಗಾಡಿಗಳನ್ನು ತಡೆದು ನಿಲ್ಲಿಸಿದಾಗ ಪಟ್ಟಣವು ಬೇರೆ ಹಳ್ಳಿಯನ್ನು ಹುಡುಕಲು ಹೋಗಲಿಲ್ಲ. 2012ರಿಂದ ಮನೆಗಳಲ್ಲಿ ಗೋಬರ್ ಗ್ಯಾಸಿನಂತಹ ಸ್ಥಾವರಗಳನ್ನೂ, ಬೀದಿಬೀದಿಗಳಲ್ಲಿ ಗೊಬ್ಬರದ ತೊಟ್ಟಿಗಳನ್ನೂ ಇರಿಸಿ, ಹಸಿಕಸವನ್ನು ಹುಟ್ಟಿದಲ್ಲಿಯೇ ಗೊಬ್ಬರವಾಗಿಸುವ ಅಭ್ಯಾಸವನ್ನು ಬೆಳೆಸಿತು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವು ಆ ಪಟ್ಟಣವನ್ನು ಜಗತ್ತಿನ ಮಾದರಿಗಳ ಸಾಲಿನಲ್ಲಿ ಎಣಿಸಿತು. "ಮಾಡಿದ್ದುಣ್ಣೋ ಮಹರಾಯ" ಎಂಬ ನಮ್ಮ ಗಾದೆಯನ್ನು ಶಾಪವೆಂದು ತಿಳಿಯಬೇಕಾಗಿಲ್ಲ. ಇಂತಹ ಕಡೆ ಅದು ಒಳ್ಳೆಯ ನೀತಿಯೂ ಹೌದು.

ಇನ್ನೊಂದು ಮಾತು. 2011ರ ಜನಗಣತಿಯಂತೆ ಕೇರಳದಲ್ಲಿ ಒಂದು ಚದರ ಕಿಲೋಮೀಟರಿನಲ್ಲಿ ಸರಾಸರಿ 860 ಮಂದಿ ವಾಸಿಸುತ್ತಿದ್ದರು. ಇಲ್ಲಿ ಒಂದು ಊರು ಮುಗಿಯುವಲ್ಲಿಗೆ ಇನ್ನೊಂದು ತೊಡಗುತ್ತದೆ. ಪ್ರತಿಯೊಂದು ಹಿತ್ತಿಲಿನಲ್ಲೂ ಒಂದು ಮನೆ, ಒಂದು ಬಾವಿ. ಇಂತಹ ನಾಡಿನಲ್ಲಿ "ಊರ ಹೊರಗೆ" ಎಂದರೆ ಇನ್ನೊಬ್ಬರ ಮನೆಯಂಗಳ.

ಈಗ, ಕೇಂದ್ರವೆಂದರೆ ಏನು ಎಂಬುದನ್ನು ತಿಳಿದುಕೊಳ್ಳಲು ನಾವು ಮಾಡಿದ ಯತ್ನವನ್ನು ಹೇಳುವೆವು. ನಮ್ಮ ಸಮಿತಿಯ ಐವರು ಎರಡು ದಿನ ಕರ್ಮ ಸೇನೆಯ ಸೋದರಿಯರ ಜೊತೆ ಮನೆಮನೆಗೆ ನಡೆದೆವು. ಬಳಿಕ ನೆರೆಯ ಪಂಚಾಯತೊಂದರ ಕೇಂದ್ರಕ್ಕೆ ಹೋಗಿ ಒಂದು ಮಧ್ಯಾಹ್ನ ಕುಳಿತು ನೋಡಿದೆವು. ಅಲ್ಲಿ ಹಸಿಕಸದ ಹೆಸರೇ ಇರಲಿಲ್ಲ. ತಗಡಿನ ಮಾಡು, ಸಿಮೆಂಟಿನ ನೆಲ, ಉದ್ದನೆಯ ಮೇಜು. ಮೇಜಿನ ಮೇಲೆ ಸುರಿದುದನ್ನು ಬಾಟಲಿ ಬೇರೆ, ಹಾಲಿನ ತೊಟ್ಟೆ ಬೇರೆ, ಗಟ್ಟಿ ಪ್ಲಾಸ್ಟಿಕ್ ಬೇರೆ, ಗಾಜು ಬೇರೆ, ಚಪ್ಪಲಿ ಬೇರೆ, ಹಾಳಾದ ವಿದ್ಯುತ್ ಸಾಮಾನು ಬೇರೆ, ಹೀಗೆ ಆಯ್ದು ಗೋಣಿಗಳಲ್ಲಿ ತುಂಬಿಸುತ್ತಿದ್ದರು. ನೀರಿನ ಬಾಟಲಿಯು ನೂಲಾಗಿ ಬಟ್ಟೆಯಾಗುತ್ತದೆ. ಗಾಜು ಎಷ್ಟು ಬಾರಿ ಕರಗಿಸಿದರೂ ಗಾಜೇ ಆಗುತ್ತದೆ. ಅಲ್ಯುಮಿನಿಯಮ್ಮನ್ನು ಅದಿರಿನಿಂದ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ನೂರರಲ್ಲಿ ಐದು ಪಾಲು ಸಾಕು, ಹಳೆಯದನ್ನು ಕರಗಿಸಲು. ತೆಳುವಾದ ಪ್ಲಾಸ್ಟಿಕ್ಕನ್ನು ಚೂರುಮಾಡಿ ಡಾಮರಿನೊಡನೆ ಬೆರೆಸಿ ರಸ್ತೆ ಹಾಕುವ ಕ್ರಮವನ್ನು ಮಧುರೆಯ ತ್ಯಾಗರಾಜರ್ ಕಾಲೇಜಿನ ಪ್ರೊಫೆಸರ್ ವಾಸುದೇವನ್ ಅವರು ಕಂಡುಹಿಡಿದು ಖ್ಯಾತರಾದರು. ಹಲವು ಪದರಗಳನ್ನು ಅಂಟಿಸಿ ಮಾಡಿದ ಮಿನುಗುವ ಹೊದಿಕೆಗಳನ್ನು ಮಾತ್ರ ಬಿಡಿಸುವುದು ದುಸ್ಸಾಧ್ಯ. ಅವು ಸಿಮೆಂಟು ಕಾರ್ಖಾನೆಯ ಒಲೆಗೆ ಹೋಗುತ್ತವೆ. ಮಕ್ಕಳೇ, ಅಂಗಡಿಯಲ್ಲಿ ನಿಮ್ಮ ಕಣ್ಣನ್ನು ಸೆಳೆಯುವ ಆ ತೂಗುಮಾಲೆಗಳು ಅವೇ ಎಂಬುದನ್ನು ನೆನಪಿಡಿರಿ.

ಆ ಕೇಂದ್ರದಲ್ಲಿ ವಾಸನೆ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಒಂದು ಮೂಲೆಯಲ್ಲಿ ಇತ್ತು. ಕಾರಣವನ್ನು ಕೇಳಿದಾಗ ಅಲ್ಲಿಯ ಸೋದರಿಯೊಬ್ಬರು ಒಂದು ಚೀಲವನ್ನು ಬಿಚ್ಚಿ ತೋರಿಸಿದರು. ತೊಳೆಯದ ಹಾಲಿನ ತೊಟ್ಟೆಗಳು, ಮೀನು ಕಟ್ಟಿ ತಂದ ಚೀಲ, ಅದರ ನಡುವೆ ಮಗುವಿನ ಮಲಿನ ಡಯಪರು. "ಇದನ್ನು ನಮ್ಮ ಕೈಯಿಂದಲೇ ತೆಗೆಯಬೇಕು" ಎಂದಷ್ಟೇ ಹೇಳಿದರು. ನಾವು ತಲೆ ತಗ್ಗಿಸಿದೆವು. ಅಂತಹ ಚೀಲಗಳು ನಮ್ಮ ಮನೆಗಳಿಂದಲೂ ಹೋಗಿರುತ್ತವೆ.

ಇದೆಲ್ಲವನ್ನೂ ನೋಡಿದ ಮೇಲೆ, ಜಾಗವನ್ನು ಆರಿಸುವುದಕ್ಕೆ ಬೇಕಾದ ಲಕ್ಷಣಗಳು ನಮಗೆ ಸ್ಪಷ್ಟವಾದುವು. ಒಂದು, ನೀರಿನ ಒರತೆಗಳ ಮೇಲೂ ಪ್ರವಾಹದ ಹಾದಿಯಲ್ಲೂ ಅದು ಇರಬಾರದು. ಎರಡು, ಆಟಿ ತಿಂಗಳ ಮಳೆಯಲ್ಲೂ ಲಾರಿ ಬಂದು ತಿರುಗಿ ಹೋಗುವಂತಹ ರಸ್ತೆ ಇರಬೇಕು. ಮೂರು, ಎಲ್ಲ ವಾರ್ಡುಗಳಿಗೂ ನಡುವಿನಲ್ಲಿರಬೇಕು. ಮನೆಯೊಂದಕ್ಕೆ ನಾವು ತಿಂಗಳಿಗೆ ಕೊಡುವ 50 ರೂಪಾಯಿಗಳಿಂದಲೇ ಸಾಗಾಟದ ವೆಚ್ಚವೂ ಸೋದರಿಯರ ಕೂಲಿಯೂ ಹೊರಡಬೇಕಾದುದರಿಂದ, ದೂರ ಹೆಚ್ಚಿದಷ್ಟೂ ಅವರ ಕೈಗೆ ಸಿಗುವುದು ಕಡಿಮೆಯಾಗುತ್ತದೆ. ನಾಲ್ಕು, ವಿದ್ಯುತ್ತು, ನೀರು, ಶೌಚಾಲಯಗಳ ಸೌಕರ್ಯ ಬೇಕು. ದುಡಿಯುವವರು ಹೆಂಗಸರೆಂಬುದನ್ನು ಮರೆಯಬಾರದು. ಐದು, ಬೆಂಕಿಯ ಭಯವಿರುವುದರಿಂದ ಸುತ್ತಲೂ ತೆರವು ಬೇಕು, ಅಗ್ನಿಶಾಮಕ ವಾಹನ ಒಳಬರಬೇಕು, ಮೇಲೆ ವಿದ್ಯುತ್ ತಂತಿ ಹಾದಿರಬಾರದು. ಆರು, ಹತ್ತು ಜನರ ಕಣ್ಣೆದುರಿನಲ್ಲಿರಬೇಕು. 2016ರಲ್ಲಿ ಭಾರತ ಸರಕಾರವು ಹೊರಡಿಸಿದ ನಿಯಮಗಳಲ್ಲಿ ಕಸವನ್ನು ನೆಲಕ್ಕೆ ತುಂಬಿಸುವ ಎಡೆಯು ಹೊಳೆಯಿಂದ 100 ಮೀಟರು, ಮನೆಗಳಿಂದಲೂ ಕುಡಿಯುವ ನೀರಿನ ಬಾವಿಗಳಿಂದಲೂ 200 ಮೀಟರು ದೂರವಿರಬೇಕೆಂದು ವಿಧಿಸಲಾಗಿತ್ತು. ಗ್ರಾಮಸಭೆಯಲ್ಲಿ ಹಲವರು ಈ ಅಳತೆಯನ್ನು ಎತ್ತಿ ಹೇಳಿದರು. ಆದರೆ ಅದು ಸುರಿಯುವ ಎಡೆಯ ಅಳತೆ. ನಮ್ಮ ಮುಂದಿರುವುದು ಒಣವಸ್ತುವನ್ನು ಮಾಡಿನಡಿಯಲ್ಲಿ ಆಯ್ದು ಕಳುಹಿಸುವ ಮನೆ. ಎರಡನ್ನೂ ಒಂದೇ ಎಂದು ತಿಳಿದುದರಿಂದಲೇ ಇಷ್ಟು ಗೊಂದಲ ಹುಟ್ಟಿತು.

ಈ ಆರು ಲಕ್ಷಣಗಳನ್ನು ಹಿಡಿದು ಅಳೆದಾಗ, ಹೇಳಲು ಸಂಕೋಚವಾದರೂ, ಸಂಘದ ಜಾಗವೇ ಎಲ್ಲಕ್ಕಿಂತ ಒಪ್ಪುವಂತಹುದೆಂದು ನಮಗೆ ತೋರಿತು. ರಸ್ತೆ ಇದೆ, ವಿದ್ಯುತ್ತು ಇದೆ, ಗೋಡೆಗಳಿವೆ, ಪಕ್ಕದಲ್ಲಿ ಬಾವಿಯಿಲ್ಲ, ತರಗತಿಗಳಿಗೂ ಅದಕ್ಕೂ ನಡುವೆ ಇಡೀ ಆಟದ ಬಯಲಿದೆ. ಆದರೆ ಆ ಜಾಗವು ನಮ್ಮ ಸ್ವಂತದ್ದಲ್ಲ. ಕನ್ನಡ ಮಕ್ಕಳ ವಿದ್ಯೆಗೆಂದು ಹಿರಿಯರು ಧರ್ಮಾರ್ಥವಾಗಿ ಬಿಟ್ಟ ನೆಲ ಅದು. ಆದುದರಿಂದ ಕಾರ್ಯಸಮಿತಿಯು ತಾನಾಗಿ ನಿರ್ಣಯಿಸದೆ, ಮುಂದಿನ ಮಹಾಸಭೆಯ ಮುಂದೆ ಈ ಸಲಹೆಯನ್ನಿಡಲಿದೆ: ಜಾಗವನ್ನು ಮಾರದೆ, ದಾನವಾಗಿಯೂ ಕೊಡದೆ, ಐದು ವರ್ಷಗಳ ಗೇಣಿಗೆ ಮಾತ್ರ ಪಂಚಾಯತಿಗೆ ಬಿಟ್ಟುಕೊಡುವುದು, ಕೆಲವು ಕರಾರುಗಳು ಮುರಿದರೆ ಹಿಂದಕ್ಕೆ ಪಡೆಯುವುದು.

ಆ ಕರಾರುಗಳು ಹೀಗಿವೆ. ಹಸಿಕಸದ ಒಂದು ತುಣುಕೂ ಒಳಗೆ ಬರಕೂಡದು. ಎಲ್ಲವೂ ಮಾಡಿನಡಿಯಲ್ಲಿಯೇ ಇರಬೇಕು. ಅಂಗಳದಲ್ಲಿ ರಾಶಿ ಹಾಕಕೂಡದು. ತಿಂಗಳಿಗೊಮ್ಮೆಯಾದರೂ ಲಾರಿ ಬಂದು ಸರಕನ್ನು ಒಯ್ಯಬೇಕು. ಶಾಲೆ ತೊಡಗುವ ಮತ್ತು ಬಿಡುವ ಹೊತ್ತಿನಲ್ಲಿ ವಾಹನಗಳು ಓಡಾಡಬಾರದು. ಬೆಂಕಿ ನಂದಿಸುವ ಸಾಧನಗಳೂ ನೀರಿನ ತೊಟ್ಟಿಯೂ ಮೊದಲ ದಿನದಿಂದಲೇ ಸಿದ್ಧವಿರಬೇಕು. ಸೋದರಿಯರಿಗೆ ಕೈಗವಸು, ಕುಳಿತು ಉಣ್ಣಲು ಕೋಣೆ, ಕೈತೊಳೆಯಲು ನೀರು ಇರಬೇಕು. ಪೋಷಕರಿಂದ ಆಯ್ದ ಮೂವರು ಯಾವ ದಿನ ಬೇಕಾದರೂ ಒಳಹೊಕ್ಕು ನೋಡುವ ಅಧಿಕಾರವಿರಬೇಕು. ಅವರಲ್ಲಿ ಒಬ್ಬರು ಪದವಿನ ಕೆಳಗಿನ ಕಾಲೊನಿಯವರೇ ಆಗಬೇಕೆಂಬುದು ನಮ್ಮ ಅಪೇಕ್ಷೆ.

ಕೊನೆಯ ಕರಾರು ಭಾಷೆಗೆ ಸಂಬಂಧಿಸಿದುದು. ಕೇಂದ್ರದ ಫಲಕವೂ ಪ್ರಕಟಣೆಗಳೂ ಮಲಯಾಳದೊಡನೆ ಕನ್ನಡದಲ್ಲಿಯೂ ಇರಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಇಲ್ಲಿಯ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಡನೆ ತಮ್ಮ ನುಡಿಯಲ್ಲಿಯೇ ವ್ಯವಹರಿಸುವ ಅವಕಾಶವನ್ನು ಕೊಟ್ಟಿತು. ಈ ಬೇಡಿಕೆಯಲ್ಲಿ ಹಟವೇನೂ ಇಲ್ಲ. ಯಾವ ವಸ್ತುವನ್ನು ಯಾವ ತಿಂಗಳು ಕೊಡಬೇಕು, ಯಾವುದನ್ನು ಕೊಡಬಾರದು ಎಂಬುದು ಮನೆಯ ಅಜ್ಜಿಗೂ ತಿಳಿಯದಿದ್ದರೆ ಕೆಲಸ ಕೆಡುತ್ತದೆ. ಓದಲಾರದ ಪ್ರಕಟಣೆಯಿಂದ ನಮ್ಮ ಊರಿನಲ್ಲಿ ಏನಾಯಿತೆಂಬುದನ್ನು ಈಗಷ್ಟೇ ಹೇಳಿದೆವು.

ಪೋಷಕರೇ, ತಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಈಗಲೂ ಶಂಕೆಯಿದೆ ಎಂಬುದು ನಮಗೆ ಗೊತ್ತಿದೆ. ಮಕ್ಕಳ ಆರೋಗ್ಯದ ವಿಷಯದಲ್ಲಿ ತಾಯಿತಂದೆಗಳು ಶಂಕಿಸುವುದು ನ್ಯಾಯವೇ. ಅದನ್ನು ಮಾತಿನಿಂದ ತೊಡೆದುಹಾಕುವ ಚಪಲ ನಮಗಿಲ್ಲ. ಬರುವ ಶನಿವಾರ ನೆರೆಯ ಪಂಚಾಯತಿನ ಕೇಂದ್ರವನ್ನು ನೋಡಿಬರಲು ಶಾಲೆಯ ಬಸ್ಸನ್ನು ಗೊತ್ತುಮಾಡಿದ್ದೇವೆ. ದಯವಿಟ್ಟು ಬನ್ನಿರಿ, ಮೂಸಿ ನೋಡಿರಿ, ಅಲ್ಲಿಯ ನೆರೆಮನೆಯವರನ್ನು ನಾವಿಲ್ಲದಾಗ ಕೇಳಿರಿ. ಆ ಬಳಿಕ ಮಹಾಸಭೆಯಲ್ಲಿ ತಮಗೆ ಸರಿತೋರಿದಂತೆ ಮತ ನೀಡಿರಿ. ಬೇಡವೆಂದು ಬಹುಮತದಿಂದ ನಿರ್ಣಯವಾದರೆ ತಲೆಬಾಗುವೆವು. ಆಗಲೂ ಕೇಂದ್ರವನ್ನು ಪದವಿಗೆ ಕಳುಹಿಸಿರೆಂಬ ಮನವಿಗೆ ಮಾತ್ರ ನಮ್ಮ ಸಹಿ ಇರುವುದಿಲ್ಲ. ಹಿಂದೆ ಹಾಕಿದ ಸಹಿಯನ್ನು ಹಿಂತೆಗೆದುಕೊಂಡಿದ್ದೇವೆಂದು ಪಂಚಾಯತಿಗೆ ಬರೆದು ಕೊಟ್ಟಾಗಿದೆ.

ಕೇಂದ್ರವು ಎಲ್ಲಿಯೇ ಆಗಲಿ, ಮನೆಯಲ್ಲಿ ಮಾಡಬೇಕಾದ ಕೆಲಸವೊಂದಿದೆ. ಹಾಲಿನ ತೊಟ್ಟೆಯನ್ನು ಪಾತ್ರೆ ತೊಳೆದ ನೀರಿನಲ್ಲಿಯೇ ಒಮ್ಮೆ ಜಾಲಿಸಿ, ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿರಿ. ಅಡುಗೆಮನೆಯ ಹಸಿಕಸವು ಹಿತ್ತಿಲಿನ ಗುಂಡಿಯನ್ನು ದಾಟಿ ಹೊರಗೆ ಹೋಗದಿರಲಿ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿರಿ. ಅದನ್ನು ಮುಟ್ಟುವ ಕೈಗಳೂ ಸಂಜೆ ಮನೆಗೆ ಹೋಗಿ ಮಗುವಿಗೆ ಅನ್ನ ಕಲಸಬೇಕು. ಡಯಪರು, ಮದ್ದಿನ ಸೀಸೆ, ಸೂಜಿಗಳನ್ನು ಈ ಚೀಲದಲ್ಲಿ ಹಾಕಲೇಬಾರದು. ಬಚ್ಚಲೊಲೆಗೆ ಸೋಗೆ, ಗೆರಟೆಗಳಲ್ಲದೆ ಬೇರೇನನ್ನೂ ಇಕ್ಕಬಾರದು.

ಪ್ರೀತಿಯ ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನಿಮ್ಮ ಜೊತೆ ಬೆಂಚಿನಲ್ಲಿ ಕುಳಿತ ಗೆಳತಿಯ ತಾಯಿ ಹಸಿರು ಅಂಗಿ ತೊಟ್ಟು ನಿಮ್ಮ ಅಂಗಳಕ್ಕೆ ಬಂದಾಗ, "ಕಸದವರು ಬಂದರು" ಎಂದು ಒಳಗೆ ಕೂಗಬೇಡಿರಿ. "ಅಮ್ಮ, ಅಕ್ಕ ಬಂದಿದ್ದಾರೆ" ಎನ್ನಿರಿ. ಕುಡಿಯಲು ನೀರು ಬೇಕೇ ಎಂದು ಕೇಳಿರಿ. ಶಾಲೆಯು ಕಲಿಸಬೇಕಾದ ಪಾಠಗಳಲ್ಲಿ ಇದೂ ಒಂದು. ನಾವು ಹಿರಿಯರು ಇದನ್ನು ತಡವಾಗಿ ಕಲಿಯುತ್ತಿದ್ದೇವೆ.

 ಗ್ರಾಮಸಭೆಯಲ್ಲಿ ಎದ್ದು ನಿಂತು ನಮ್ಮ ಕಣ್ಣು ತೆರೆಸಿದ ಆ ತಾಯಿಗೆ, ಅವರು ಇಲ್ಲಿಯೇ ಕುಳಿತಿರುವುದರಿಂದ, ಸಭೆಯ ಮುಂದೆ ಕೈಮುಗಿದು ವಂದಿಸುತ್ತೇವೆ.